ಮನೆ ಸ್ಟುಡಿಯೋದಲ್ಲಿ ಮಿಡಿ ಜೋಡಣೆ: ಕೀಬೋರ್ಡ್, ಆಕ್ಟೋಪ್ಯಾಡ್, ಲ್ಯಾಪ್‌ಟಾಪ್ ಒಟ್ಟಿಗೆ ಕೆಲಸ ಮಾಡುವ ಹಾಗೆ

ಹೊಸದಾಗಿ ಮಿಡಿ ಕೀಬೋರ್ಡ್ ಕೊಂಡವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕೇಬಲ್ ಹಾಕಿದ್ದೇನೆ, ದೀಪ ಉರಿಯುತ್ತಿದೆ, ಕೀ ಒತ್ತಿದರೆ ಮಾತ್ರ ಸದ್ದು ಬರುತ್ತಿಲ್ಲ, ಯಾಕೆ? ಸಾಮಾನ್ಯವಾಗಿ ಕೀಬೋರ್ಡಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಮಿಡಿ ಕೇಬಲ್‌ನಲ್ಲಿ ಸದ್ದು ಹರಿಯುವುದೇ ಇಲ್ಲ ಎನ್ನುವುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಮಿಡಿ ಸಾಗಿಸುವುದು ಸೂಚನೆಯನ್ನು. 'ಒಂದನೇ ಚಾನೆಲ್, 60ನೇ ಸ್ವರ ಒತ್ತಿದರು, ಒತ್ತಿದ ಜೋರು 96' ಎಂದು ಮೂರು ಬೈಟ್‌ಗಳಲ್ಲಿ ಹೇಳಿ ಅದರ ಕೆಲಸ ಮುಗಿಯುತ್ತದೆ. ಅದನ್ನು ವೀಣೆಯಾಗಿ ಕೇಳಿಸಬೇಕೋ, ಪಿಯಾನೋ ಆಗಿಯೋ, ಆ ಸದ್ದು ಯಾವ ಸ್ಪೀಕರ್‌ನಿಂದ ಬರಬೇಕೋ, ಅದೆಲ್ಲ ಸೂಚನೆ ತಲುಪಿದ ಕಡೆಯ ಕೆಲಸ. ಆದ್ದರಿಂದ ಮನೆ ಸ್ಟುಡಿಯೋದಲ್ಲಿ ಯಾವಾಗಲೂ ಎರಡು ದಾರಿಗಳಿರುತ್ತವೆ: ಸೂಚನೆಯ ದಾರಿ ಒಂದು, ಸದ್ದಿನ ದಾರಿ ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ಹಾಕಿ, ಒಂದೊಂದು ಸಾಧನವನ್ನೇ ಸೇರಿಸುತ್ತ, ಸೇರಿಸಿದ ತಕ್ಷಣ ಪರೀಕ್ಷಿಸುತ್ತ ಹೋದರೆ ತಲೆನೋವಿನ ಬಹುಪಾಲು ಹುಟ್ಟುವುದೇ ಇಲ್ಲ. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಉದಾಹರಣೆಗೆ ನಮ್ಮ ಕಡೆ ಸುಗಮ ಸಂಗೀತ, ಭಕ್ತಿಗೀತೆ, ಆರ್ಕೆಸ್ಟ್ರಾ ಮಾಡುವವರ ಮನೆಗಳಲ್ಲಿ ಸಿಗುವ ಸಾಮಾನನ್ನೇ ಇಟ್ಟುಕೊಳ್ಳೋಣ. ಒಂದು ಲ್ಯಾಪ್‌ಟಾಪ್, ಒಂದು ಆಡಿಯೊ ಇಂಟರ್‌ಫೇಸ್ (ಲ್ಯಾಪ್‌ಟಾಪಿಗೆ ಸದ್ದನ್ನು ಒಳತರುವ, ಹೊರಕಳಿಸುವ ಪೆಟ್ಟಿಗೆ), 25 ಕೀಗಳ ಪುಟ್ಟ ಯುಎಸ್‌ಬಿ ಕಂಟ್ರೋಲರ್, ಸ್ಟೇಜಿಗೂ ಒಯ್ಯುವ ಒಂದು ಅರೇಂಜರ್ ಕೀಬೋರ್ಡ್ ('ಸ್ಟೈಲ್' ಎಂಬ ಸಿದ್ಧ ಹಿಮ್ಮೇಳವನ್ನು ತಾನೇ ನುಡಿಸುವಂಥದ್ದು), ಮತ್ತೆ ಯುಎಸ್‌ಬಿ ಇಲ್ಲದ ರೋಲ್ಯಾಂಡ್ ಎಸ್‌ಪಿಡಿ-20 ಆಕ್ಟೋಪ್ಯಾಡ್ (ಕೋಲಿನಿಂದ ಬಾರಿಸುವ ಎಂಟು ಪ್ಯಾಡ್‌ಗಳ ತಾಳವಾದ್ಯ). ರೆಕಾರ್ಡಿಂಗ್ ಸಾಫ್ಟ್‌ವೇರ್ ಆಗಿ ರೀಪರ್ ಬಳಸುತ್ತೇನೆ. ಕ್ಯೂಬೇಸ್, ಲಾಜಿಕ್, ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ ಇರುವವರಿಗೆ ಮೆನುವಿನ ಹೆಸರು ಬೇರೆಯಾಗುತ್ತದೆ, ತತ್ವ ಬೇರೆಯಾಗುವುದಿಲ್ಲ.

ಕೇಬಲ್ ಮುಟ್ಟುವ ಮೊದಲು

ಒಂದು ಹಾಳೆ ತೆಗೆದುಕೊಂಡು ಪ್ರತಿ ಸಾಧನಕ್ಕೂ ಒಂದು ಚೌಕ ಬರೆಯಿರಿ. ಸೂಚನೆ ಹೋಗುವ ದಾರಿಗೆ ನೀಲಿ ಗೆರೆ, ಸದ್ದು ಹೋಗುವ ದಾರಿಗೆ ಕೆಂಪು ಗೆರೆ. ಗೆರೆಗೆ ಬಾಣ ಹಾಕುವುದನ್ನು ಮರೆಯಬೇಡಿ, ಏಕೆಂದರೆ ಐದು ಪಿನ್ನಿನ ಮಿಡಿ ಕೇಬಲ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಒಂದರ ಔಟ್ ಇನ್ನೊಂದರ ಇನ್‌ಗೆ ಹೋಗಬೇಕು. ಯುಎಸ್‌ಬಿ ಕೇಬಲ್ ಮಾತ್ರ ಒಂದೇ ತಂತಿಯಲ್ಲಿ ಎರಡೂ ಕಡೆಗೆ ಸಾಗಿಸುತ್ತದೆ, ಹಾಗಾಗಿ ಅದಕ್ಕೆ ಎರಡು ಬಾಣ.

ಪುಟ್ಟ ಕಂಟ್ರೋಲರ್‌ನಿಂದ ಲ್ಯಾಪ್‌ಟಾಪಿಗೆ ನೀಲಿ ಗೆರೆ ಹೋಗುತ್ತದೆ. ಅದಕ್ಕೆ ಕೆಂಪು ಗೆರೆಯೇ ಇಲ್ಲ, ಅದರೊಳಗೆ ಸದ್ದು ಹುಟ್ಟುವುದಿಲ್ಲ. ಅರೇಂಜರ್‌ಗೆ ಎರಡೂ ಇವೆ. ಆಕ್ಟೋಪ್ಯಾಡ್‌ಗೂ ಎರಡೂ ಇವೆ. ಲ್ಯಾಪ್‌ಟಾಪಿನ ಸದ್ದು ಇಂಟರ್‌ಫೇಸ್ ಮೂಲಕ ಸ್ಪೀಕರ್‌ಗೋ ಹೆಡ್‌ಫೋನ್‌ಗೋ ಹೋಗುತ್ತದೆ. ಇಷ್ಟು ಬರೆದ ಮೇಲೆ ಯಾವ ಕೇಬಲ್ ಎಷ್ಟು ಬೇಕು, ಇಂಟರ್‌ಫೇಸ್‌ನಲ್ಲಿ ಎಷ್ಟು ಇನ್‌ಪುಟ್ ಬೇಕು ಎನ್ನುವುದು ಹಾಳೆಯ ಮೇಲೆ ಕಾಣುತ್ತದೆ. ಅಂಗಡಿಗೆ ಹೋಗುವುದು ಆಮೇಲೆ.

ಮೂರು ಬಗೆಯ ಪೋರ್ಟ್

ಐದು ಪಿನ್ನಿನ ದುಂಡು ಪೋರ್ಟ್ ಮಿಡಿಯ ಮೂಲ ರೂಪ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ಸಾಧನಗಳ ಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಸಿಂಥಸೈಜರ್‌ಗಳನ್ನು ಇದೇ ಕೇಬಲ್‌ನಿಂದ ಜೋಡಿಸಿ ತೋರಿಸಿದ್ದರು. ಪೈಪೋಟಿಯ ಎರಡು ಕಂಪನಿಗಳ ವಾದ್ಯಗಳು ಒಂದರ ಮಾತು ಇನ್ನೊಂದು ಕೇಳಿದ್ದು ದೊಡ್ಡ ಸಂಗತಿ. ಆ ಒಪ್ಪಂದ ಇವತ್ತಿಗೂ ಮುರಿದಿಲ್ಲ, ಹಾಗಾಗಿಯೇ ಅಟ್ಟದ ಮೇಲಿರುವ ಹಳೆಯ ಕೀಬೋರ್ಡ್ ನಿಮ್ಮ ಹೊಸ ಲ್ಯಾಪ್‌ಟಾಪಿನ ಜತೆ ಕೆಲಸ ಮಾಡುತ್ತದೆ.

ಐದು ಪಿನ್ ಇದ್ದರೂ ಮಿಡಿಗೆ ಬೇಕಾದದ್ದು ಮೂರೇ: 4, 5 ಮತ್ತು ನಡುವಿನ 2. ನಾಲ್ಕು ಮತ್ತು ಐದರಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ, ಎರಡು ಎಂಬುದು ಶೀಲ್ಡ್. ಇನ್ ಪೋರ್ಟಿನ ಒಳಗೆ ಆಪ್ಟೋ-ಐಸೊಲೇಟರ್ ಎಂಬ ಬಿಡಿಭಾಗವಿದ್ದು ಸೂಚನೆಯನ್ನು ಬೆಳಕಿನ ಮೂಲಕ ದಾಟಿಸುತ್ತದೆ. ಎರಡು ವಾದ್ಯಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದ್ದರಿಂದ ಈ ಕೇಬಲ್‌ನಿಂದ ಹಮ್ಮಿಂಗ್ ಬರುವುದಿಲ್ಲ. ಯುಎಸ್‌ಬಿಗೆ ಈ ಗುಣ ಇಲ್ಲ. ವಾದ್ಯದಲ್ಲಿ ಎರಡೂ ಪೋರ್ಟ್ ಇದ್ದು, ಅದರ ಸದ್ದನ್ನೂ ರೆಕಾರ್ಡ್ ಮಾಡುವುದಿದ್ದರೆ ನಾನು ಐದು ಪಿನ್ನನ್ನೇ ಆರಿಸುತ್ತೇನೆ. ಕೇಬಲ್ 15 ಮೀಟರ್ ವರೆಗೆ ನಡೆಯುತ್ತದೆ, ಕೋಣೆಯೊಳಗೆ ಮೂರು ಮೀಟರ್ ಸಾಕು. ಬೆಸುಗೆ ಹಾಕಲು ಬರುವವರು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಡಿನ್ ಎಂಬ ಈ ಐದು ಪಿನ್ನಿನ ಕನೆಕ್ಟರ್ ತಂದು ಮನೆಯಲ್ಲೇ ಮಾಡಿಕೊಳ್ಳಬಹುದು. 4ಕ್ಕೆ 4, 5ಕ್ಕೆ 5, 2ಕ್ಕೆ ಶೀಲ್ಡ್.

ಯುಎಸ್‌ಬಿ ಇವತ್ತು ಎಲ್ಲದರಲ್ಲೂ ಇದೆ. 'ಕ್ಲಾಸ್ ಕಂಪ್ಲಯಂಟ್' ಎಂದು ಬರೆದಿರುವ ಸಾಧನಕ್ಕೆ ಬೇರೆ ಡ್ರೈವರ್ ಬೇಡ, ಹಾಕಿದ ತಕ್ಷಣ ಕಾಣುತ್ತದೆ. ರೋಲ್ಯಾಂಡಿನ ಕೆಲವು ಮಾದರಿಗಳಲ್ಲಿ, ಉದಾಹರಣೆಗೆ ಜೂನೋ-ಡಿಎಸ್‌ನಲ್ಲಿ, ಯುಎಸ್‌ಬಿ ಡ್ರೈವರ್ ಜೆನರಿಕ್ ಇರಬೇಕೋ ವೆಂಡರ್ ಇರಬೇಕೋ ಎಂದು ಸಿಸ್ಟಮ್ ಮೆನುವಿನಲ್ಲೇ ಆರಿಸಬೇಕು. ಲ್ಯಾಪ್‌ಟಾಪಿಗೆ ಕೀಬೋರ್ಡ್ ಕಾಣದಿದ್ದರೆ ಅಲ್ಲೊಮ್ಮೆ ನೋಡಿ. ಇನ್ನೊಂದು ಮಾತು: ಎರಡು ಯುಎಸ್‌ಬಿ ಕೀಬೋರ್ಡ್‌ಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು ಆಗುವುದಿಲ್ಲ. ನಡುವೆ ಲ್ಯಾಪ್‌ಟಾಪೋ, ಯುಎಸ್‌ಬಿ ಹೋಸ್ಟ್ ಪೆಟ್ಟಿಗೆಯೋ ಇರಲೇಬೇಕು.

ಮೂರನೆಯದು ಹೆಡ್‌ಫೋನ್ ಜ್ಯಾಕಿನಂತೆ ಕಾಣುವ 3.5 ಮಿ.ಮೀ. ಪೋರ್ಟ್. ಸಣ್ಣ ಸಾಧನಗಳಲ್ಲಿ ಐದು ಪಿನ್ನಿಗೆ ಜಾಗವಿಲ್ಲದ್ದಕ್ಕೆ ಇದು ಬಂತು. ತೊಂದರೆಯೆಂದರೆ ಮೊದಮೊದಲು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ತಂತಿ ಜೋಡಿಸಿದರು. 2018ರಲ್ಲಿ 'ಟೈಪ್ ಎ' ಮಾನಕವಾಯಿತು. ಅದಕ್ಕೂ ಹಿಂದಿನ ಆರ್ಟೂರಿಯಾ, ನೊವೇಶನ್ ಸಾಧನಗಳಲ್ಲಿ 'ಟೈಪ್ ಬಿ' ಇರಬಹುದು. ಅಡಾಪ್ಟರ್ ಕೊಳ್ಳುವಾಗ ಟೈಪ್ ನೋಡದೆ ಕೊಳ್ಳಬೇಡಿ.

ಹಂತ 1: ಸದ್ದಿನ ದಾರಿ ಮೊದಲು

ಮಿಡಿಯನ್ನು ಮುಟ್ಟುವುದಕ್ಕೂ ಮೊದಲು ಲ್ಯಾಪ್‌ಟಾಪಿನಿಂದ ಸದ್ದು ಸರಿಯಾಗಿ ಬರುವಂತೆ ಮಾಡಿಕೊಳ್ಳಿ. ಇಂಟರ್‌ಫೇಸ್ ಜೋಡಿಸಿ, ವಿಂಡೋಸ್ ಆಗಿದ್ದರೆ ತಯಾರಕರ ಜಾಲತಾಣದಿಂದ ಎಎಸ್‌ಐಒ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ತಂತ್ರಾಂಶ) ಹಾಕಿ. ಇಂಟರ್‌ಫೇಸ್ ಇನ್ನೂ ಕೊಂಡಿಲ್ಲದವರಿಗೆ ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರ್ ತಾತ್ಕಾಲಿಕ ದಾರಿ. ಮ್ಯಾಕ್‌ನಲ್ಲಿ ಈ ಗೋಜಿಲ್ಲ.

ರೀಪರ್‌ನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೊ, ಡಿವೈಸ್ ಪುಟಕ್ಕೆ ಹೋಗಿ ಆ ಡ್ರೈವರ್ ಆರಿಸಿ. ಬಫರ್ (ಸದ್ದನ್ನು ಹೊರಬಿಡುವ ಮೊದಲು ಲ್ಯಾಪ್‌ಟಾಪ್ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) ಎಷ್ಟಿರಬೇಕು ಎನ್ನುವುದನ್ನು ಇಲ್ಲೇ ತೀರ್ಮಾನಿಸಬೇಕು. ಲೆಕ್ಕ ಸುಲಭ: ಬಫರ್ ಸಂಖ್ಯೆಯನ್ನು ಸ್ಯಾಂಪಲ್ ರೇಟಿನಿಂದ, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದರಿಂದ, ಭಾಗಿಸಿ. 44,100ರಲ್ಲಿ 128 ಇಟ್ಟರೆ ಸುಮಾರು 2.9 ಮಿಲಿಸೆಕೆಂಡ್, 512 ಇಟ್ಟರೆ 11.6, 1024 ಇಟ್ಟರೆ 23.2. ಇದು ಒಂದು ಬಫರ್‌ನ ತಡ ಮಾತ್ರ. ಡ್ರೈವರ್, ಕನ್ವರ್ಟರ್ ಸೇರಿ ಇನ್ನೂ ಸ್ವಲ್ಪ ಕೂಡುತ್ತದೆ. ಕೀ ಒತ್ತಿದ ಮೇಲೆ ಸದ್ದು ಕೈಗಿಂತ ಹಿಂದೆ ಬಿದ್ದಂತೆ ಅನಿಸಿದರೆ ಜನ ಮಿಡಿಯನ್ನು ದೂರುತ್ತಾರೆ. ಆದರೆ ಐದು ಪಿನ್ನಿನ ಹಳೆಯ ಮಿಡಿಯಲ್ಲೂ ಒಂದು ಸ್ವರ ದಾಟಲು ಹಿಡಿಯುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ತಡವಾಗುವುದು ಬಫರ್‌ನಲ್ಲಿ. ನುಡಿಸುವಾಗ 128 ಅಥವಾ 256 ಇಡಿ, ಮಿಕ್ಸಿಂಗ್ ಮಾಡುವಾಗ 1024ಕ್ಕೆ ಏರಿಸಿ.

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ನುಡಿಸಲು ಕೂರಬೇಡಿ. ಅದರ ತಡ 100 ಮಿಲಿಸೆಕೆಂಡನ್ನೂ ಸುಲಭವಾಗಿ ಮೀರುತ್ತದೆ, ಯಾವ ಸೆಟ್ಟಿಂಗಿನಿಂದಲೂ ಸರಿಯಾಗುವುದಿಲ್ಲ. ತಂತಿಯಿರುವ ಸಾಧಾರಣ ಹೆಡ್‌ಫೋನ್ ಅದಕ್ಕಿಂತ ಸಾವಿರ ಪಾಲು ಮೇಲು.

ಹಂತ 2: ಒಂದೇ ಒಂದು ಕಂಟ್ರೋಲರ್

ಈಗ ಪುಟ್ಟ ಕಂಟ್ರೋಲರ್ ಒಂದನ್ನೇ ಜೋಡಿಸಿ. ಬೇರೆ ಮಿಡಿ ಸಾಧನ ಯಾವುದೂ ಬೇಡ. ರೀಪರ್ ತೆರೆಯುವ ಮೊದಲೇ ಕೇಬಲ್ ಹಾಕಿರಿ, ಎಷ್ಟೋ ಸಾಫ್ಟ್‌ವೇರ್‌ಗಳು ಶುರುವಾಗುವಾಗ ಕಂಡ ಸಾಧನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಪ್ರತಿ ಸಲವೂ ಅದೇ ಯುಎಸ್‌ಬಿ ಕಿಂಡಿ ಬಳಸುವುದು ಒಳ್ಳೆಯ ಅಭ್ಯಾಸ. ವಿಂಡೋಸ್‌ನಲ್ಲಿ ಕಿಂಡಿ ಬದಲಾದರೆ ಅದೇ ಸಾಧನ ಹೊಸ ಹೆಸರಿನಲ್ಲಿ ಕಾಣಿಸಿಕೊಂಡು ಹಳೆಯ ಪ್ರಾಜೆಕ್ಟಿನ ಸಂಪರ್ಕ ತಪ್ಪಿಹೋಗಬಹುದು.

1. ಪ್ರಿಫರೆನ್ಸಸ್‌ನ ಮಿಡಿ ಪುಟದಲ್ಲಿ ಕಂಟ್ರೋಲರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಎನೇಬಲ್ ಇನ್‌ಪುಟ್' ಕೊಡಿ.
2. ಹೊಸ ಟ್ರ್ಯಾಕ್ ಮಾಡಿ, ಕೆಂಪು ರೆಕಾರ್ಡ್ ಆರ್ಮ್ ಗುಂಡಿ ಒತ್ತಿ.
3. ಆ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಪುಟ್ ಆಗಿ ಮಿಡಿ, ಆಮೇಲೆ ಕಂಟ್ರೋಲರ್ ಹೆಸರು, ಆಮೇಲೆ 'ಆಲ್ ಚಾನೆಲ್ಸ್' ಆರಿಸಿ. ರೆಕಾರ್ಡ್ ಮಾನಿಟರಿಂಗ್ ಆನ್ ಇರಲಿ.
4. ಕೀ ಒತ್ತಿ. ಟ್ರ್ಯಾಕಿನ ಮೀಟರ್ ಕುಣಿದರೆ ಸೂಚನೆ ತಲುಪಿದೆ ಎಂದು ಅರ್ಥ. ಸದ್ದು ಇನ್ನೂ ಬರುವುದಿಲ್ಲ, ಬರಲೂಬಾರದು.
5. ಎಫ್‌ಎಕ್ಸ್ ಗುಂಡಿ ಒತ್ತಿ ರೀಪರ್ ಜತೆಗೇ ಬರುವ ರೀಸಿಂಥ್ ಎಂಬ ಪ್ಲಗಿನ್ (ಟ್ರ್ಯಾಕಿಗೆ ಸೇರಿಸುವ ಸಣ್ಣ ತಂತ್ರಾಂಶ, ಇದು ಸದ್ದು ಹುಟ್ಟಿಸುವಂಥದ್ದು) ಹಾಕಿ. ಈಗ ಕೀ ಒತ್ತಿದರೆ ಸದ್ದು ಬರಬೇಕು.

ನಾಲ್ಕನೆಯ ಮತ್ತು ಐದನೆಯ ಹೆಜ್ಜೆಯ ನಡುವೆ ಒಂದು ಕ್ಷಣ ನಿಲ್ಲಿ. ಮೀಟರ್ ಕುಣಿಯುತ್ತಿದೆ, ಸದ್ದಿಲ್ಲ. ನೀಲಿ ಗೆರೆ ಪೂರ್ತಿಯಾಗಿ, ಕೆಂಪು ಗೆರೆ ಇನ್ನೂ ಶುರುವಾಗದ ಸ್ಥಿತಿ ಅದು. ಮುಂದೆ ಯಾವಾಗ ಸದ್ದು ನಿಂತರೂ ಮೊದಲು ಮೀಟರ್ ನೋಡಿ. ಕುಣಿಯದಿದ್ದರೆ ತೊಂದರೆ ಸೂಚನೆಯ ದಾರಿಯಲ್ಲಿ, ಕುಣಿದರೆ ಸದ್ದಿನ ದಾರಿಯಲ್ಲಿ. ಹುಡುಕುವ ಜಾಗ ಅಲ್ಲಿಗೆ ಅರ್ಧವಾಯಿತು.

ಬೇರೆ ಸಾಫ್ಟ್‌ವೇರ್‌ನವರಿಗೆ: ಏಬಲ್ಟನ್‌ನಲ್ಲಿ ಮಿಡಿ ಪುಟದ ಟ್ರ್ಯಾಕ್, ಸಿಂಕ್, ರಿಮೋಟ್ ಮುಂತಾದ ಗುರುತುಗಳಲ್ಲಿ ನುಡಿಸಲು ಬೇಕಾದದ್ದು ಟ್ರ್ಯಾಕ್. ಎಫ್‌ಎಲ್ ಸ್ಟುಡಿಯೋದಲ್ಲಿ ಎಫ್10 ಒತ್ತಿದರೆ ಮಿಡಿ ಪುಟ ಸಿಗುತ್ತದೆ. ಕ್ಯೂಬೇಸ್‌ನಲ್ಲಿ ಸ್ಟುಡಿಯೋ ಸೆಟಪ್ ಒಳಗೆ ಮಿಡಿ ಪೋರ್ಟ್ ಸೆಟಪ್ ಇದೆ.

ಸಸ್ಟೇನ್ ಪೆಡಲ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಪೆಡಲ್ ಒತ್ತಿದಾಗ ಸ್ವರ ನಿಂತು, ಬಿಟ್ಟಾಗ ಉದ್ದವಾಗುತ್ತಿದ್ದರೆ ಅದರ ಧ್ರುವತೆ ತಿರುಗಿದೆ. ಹಲವು ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲಿನ ಸ್ಥಿತಿ ನೋಡಿ ಇದನ್ನು ತಾವೇ ತೀರ್ಮಾನಿಸುತ್ತವೆ. ಹಾಗಾಗಿ ಪೆಡಲ್ ಮೊದಲು ಜೋಡಿಸಿ, ಕಾಲು ತೆಗೆದು, ಆಮೇಲೆ ಆನ್ ಮಾಡಿ.

ಹಂತ 3: ಯುಎಸ್‌ಬಿ ಇಲ್ಲದ ಆಕ್ಟೋಪ್ಯಾಡ್

ಇದಕ್ಕೆ ಐದು ಪಿನ್ನಿನ ಇನ್ ಬೇಕು. ನಿಮ್ಮ ಇಂಟರ್‌ಫೇಸ್ ಹಿಂಭಾಗ ನೋಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಲ್ಲಿ ಮಿಡಿ ಇಲ್ಲ, 4ಐ4ನಲ್ಲಿ ಇದೆ. ಬೆರಿಂಜರ್ ಯುಎಂಸಿ22ರಲ್ಲಿ ಇಲ್ಲ, ಯುಎಂಸಿ204ಎಚ್‌ಡಿಯಲ್ಲಿ ಇದೆ. ಇಲ್ಲದಿದ್ದರೆ ಯುಎಸ್‌ಬಿ-ಮಿಡಿ ಕೇಬಲ್ ಕೊಳ್ಳಬೇಕು. ಇಲ್ಲಿ ಕಾಸು ಉಳಿಸಲು ಹೋಗಬೇಡಿ. ಹೆಸರಿಲ್ಲದ ತೀರ ಅಗ್ಗದ ಕೇಬಲ್‌ಗಳಲ್ಲಿ ಆಪ್ಟೋ-ಐಸೊಲೇಟರ್ ಇಲ್ಲದಿರುವುದುಂಟು, ವೇಗವಾಗಿ ಬಾರಿಸಿದಾಗ ಪೆಟ್ಟು ಬಿಟ್ಟುಹೋಗುವುದುಂಟು. ರೋಲ್ಯಾಂಡ್ ಯುಎಂ-ಒನ್ ಎಂಕೆ2 ಒಳ್ಳೆಯದು. ಅದರಲ್ಲಿ ಕಂಪ್ಯೂಟರ್‌ಗೋ ಟ್ಯಾಬ್ಲೆಟ್‌ಗೋ ಎಂದು ಆರಿಸುವ ಒಂದು ಸಣ್ಣ ಸ್ವಿಚ್ ಇದೆ, ಅದು ಸರಿಯಾದ ಕಡೆ ಇರಬೇಕು.

ಯುಎಸ್‌ಬಿ-ಮಿಡಿ ಕೇಬಲಿನ ತಲೆಗಳ ಮೇಲಿನ ಇನ್, ಔಟ್ ಬರಹ ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ. ಇನ್ ಎಂದು ಬರೆದಿರುವ ತಲೆಯನ್ನು ವಾದ್ಯದ ಔಟ್‌ಗೆ ಹಾಕಬೇಕು, ಏಕೆಂದರೆ ಆ ಬರಹ ಕಂಪ್ಯೂಟರಿನ ಕಡೆಯಿಂದ ನೋಡಿ ಬರೆದದ್ದು. ಕೆಲವರು ಇದಕ್ಕೆ ಉಲ್ಟಾ ಬರೆದಿರುತ್ತಾರೆ. ಕೆಲಸ ಮಾಡದಿದ್ದರೆ ಅದಲುಬದಲು ಮಾಡಿ ನೋಡಿ, ವಾದ್ಯಕ್ಕೆ ಏನೂ ಆಗುವುದಿಲ್ಲ.

ಈಗ ಪ್ಯಾಡ್ ಯಾವ ಸ್ವರ ಕಳಿಸುತ್ತಿದೆ ಎಂದು ಕಣ್ಣಾರೆ ನೋಡಬೇಕು. ಹೊಸ ಟ್ರ್ಯಾಕಿಗೆ ರೀಕಂಟ್ರೋಲ್‌ಮಿಡಿ ಎಂಬ ಪ್ಲಗಿನ್ ಹಾಕಿ 'ಶೋ ಲಾಗ್' ಒತ್ತಿ. ಒಂದೊಂದೇ ಪ್ಯಾಡ್ ಬಾರಿಸಿ. ಪ್ರತಿ ಪೆಟ್ಟಿಗೂ ಚಾನೆಲ್, ಸ್ವರದ ಸಂಖ್ಯೆ, ಜೋರು ಒಂದು ಸಾಲಾಗಿ ಕಾಣುತ್ತದೆ. ಎಂಟು ಪ್ಯಾಡ್‌ಗಳ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಆಕ್ಟೋಪ್ಯಾಡಿನ ಬೆನ್ನಿಗೆ ಅಂಟಿಸಿ. ರೀಪರ್ ಇಲ್ಲದವರಿಗೆ ಇದೇ ಕೆಲಸವನ್ನು ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಮಾಡುತ್ತವೆ, ಎರಡೂ ಉಚಿತ.

ಈ ಚೀಟಿ ಯಾಕೆ ಬೇಕೆಂದರೆ, ಜನರಲ್ ಮಿಡಿ ಎಂಬ ಒಪ್ಪಂದದಲ್ಲಿ ತಾಳವಾದ್ಯಕ್ಕೆ 10ನೇ ಚಾನೆಲ್ ಮೀಸಲು, 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್, 46 ತೆರೆದದ್ದು ಎಂದು ಗೊತ್ತುಪಡಿಸಲಾಗಿದೆ. ತಬಲಾದ ನಾ, ಧೋಲಕ್‌ನ ಧಾಗೆ ಅಲ್ಲಿ ಜಾಗವಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ರೀಪರ್‌ನ ರೀಸ್ಯಾಂಪ್ಲೊಮ್ಯಾಟಿಕ್5000 ಇದಕ್ಕೆ ಹೇಳಿ ಮಾಡಿಸಿದಂತಿದೆ. 'ನಾ' ಪೆಟ್ಟಿನ ಧ್ವನಿಯ ಫೈಲನ್ನು ಅದರೊಳಗೆ ಎಳೆದು ಹಾಕಿ, ಮೋಡ್ 'ಸ್ಯಾಂಪಲ್' ಇರಲಿ, ನೋಟ್ ಸ್ಟಾರ್ಟ್ ಮತ್ತು ನೋಟ್ ಎಂಡ್ ಎರಡರಲ್ಲೂ ಚೀಟಿಯಲ್ಲಿರುವ ಒಂದೇ ಸಂಖ್ಯೆ ಕೊಡಿ. ಮುಂದಿನ ಪೆಟ್ಟಿಗೆ ಅದೇ ಪ್ಲಗಿನ್ನಿನ ಇನ್ನೊಂದು ಪ್ರತಿ. ಎಂಟು ಪ್ರತಿಗಳಾದರೆ ಎಂಟು ಪ್ಯಾಡ್ ಸಿದ್ಧ. 'ಒಬೇ ನೋಟ್-ಆಫ್ಸ್' ಗುರುತು ತೆಗೆದಿರಲಿ. ಪ್ಯಾಡ್ ವಾದ್ಯಗಳು ಪೆಟ್ಟಾದ ಸ್ವಲ್ಪ ಹೊತ್ತಿಗೇ ಸ್ವರ ಬಿಟ್ಟ ಸೂಚನೆ ಕಳಿಸುತ್ತವೆ, ಆ ಗುರುತು ಇದ್ದರೆ ತಬಲಾದ ಎಡಭಾಗವಾದ ಬಾಯಾದ ಗುಂಕಾರ ಅರ್ಧಕ್ಕೇ ಕತ್ತರಿಸಿದಂತೆ ಕೇಳುತ್ತದೆ.

ಸಂಖ್ಯೆಯನ್ನೇ ನಂಬಿ, ಅಕ್ಷರವನ್ನಲ್ಲ. 60ನೇ ಸ್ವರಕ್ಕೆ ಯಮಹಾ ಸಿ3 ಎನ್ನುತ್ತದೆ, ರೋಲ್ಯಾಂಡ್ ಸಿ4 ಎನ್ನುತ್ತದೆ. ಒಂದು ಸಪ್ತಕ ಕೆಳಗೋ ಮೇಲೋ ಕೇಳಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಂತ 4: ಅರೇಂಜರ್ ಕೀಬೋರ್ಡ್, ಎರಡೂ ದಿಕ್ಕಿಗೆ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಈ ಹಂತದಲ್ಲಿ, ನಿಧಾನವಾಗಿ ನೋಡೋಣ.

ಅರೇಂಜರ್ ಒಳಗೆ ಎರಡು ಭಾಗಗಳಿವೆ: ಕೀಗಳು, ಮತ್ತು ಸದ್ದು ಹುಟ್ಟಿಸುವ ಯಂತ್ರ. ಸಾಮಾನ್ಯವಾಗಿ ಇವೆರಡೂ ಒಳಗೇ ಜೋಡಣೆಯಾಗಿರುತ್ತವೆ. ಈಗ ನೀವು ಕೀಯ ಸೂಚನೆಯನ್ನು ಲ್ಯಾಪ್‌ಟಾಪಿಗೆ ಕಳಿಸಿ, ಲ್ಯಾಪ್‌ಟಾಪಿನಿಂದ ಮತ್ತೆ ಅದೇ ಅರೇಂಜರ್‌ಗೆ ತಂದರೆ, ಒಂದು ಸಲ ಒತ್ತಿದ ಸ್ವರ ಎರಡು ಸಲ ನುಡಿಯುತ್ತದೆ. ಒಳದಾರಿಯಿಂದ ಒಮ್ಮೆ, ಹೊರದಾರಿಯಿಂದ ಸ್ವಲ್ಪ ತಡವಾಗಿ ಇನ್ನೊಮ್ಮೆ. ಸದ್ದು ಪೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ, ಒಟ್ಟಿಗೆ ನುಡಿಯಬಲ್ಲ ಸ್ವರಗಳ ಸಂಖ್ಯೆಯೂ ಅರ್ಧಕ್ಕಿಳಿಯುತ್ತದೆ. ಮದ್ದು ಒಂದೇ: ಕೀಬೋರ್ಡಿನ ಫಂಕ್ಷನ್ ಅಥವಾ ಮಿಡಿ ಮೆನುವಿನಲ್ಲಿ 'ಲೋಕಲ್' ಎಂಬುದನ್ನು ಆಫ್ ಮಾಡಿ. ಆಗ ಒಳದಾರಿ ಕಡಿದು, ಕೀಗಳು ಲ್ಯಾಪ್‌ಟಾಪಿನೊಂದಿಗೆ ಮಾತ್ರ, ಸದ್ದಿನ ಯಂತ್ರವೂ ಲ್ಯಾಪ್‌ಟಾಪಿನೊಂದಿಗೆ ಮಾತ್ರ ಮಾತಾಡುತ್ತವೆ.

ಕಾರ್ಯಕ್ರಮಕ್ಕೆ ಒಯ್ಯುವ ಕೀಬೋರ್ಡ್ ಆಗಿದ್ದರೆ ಹೊರಡುವ ಮೊದಲು ಲೋಕಲ್ ಮತ್ತೆ ಆನ್ ಮಾಡಿ. ಮರೆತರೆ ಸ್ಟೇಜಿನ ಮೇಲೆ ಕೀ ಒತ್ತಿದರೂ ಮೌನ. ಕವರ್ ಪೆಟ್ಟಿಗೆಯ ಒಳಗೊಂದು ಚೀಟಿ ಅಂಟಿಸಿಡುವುದು ಸರಿ.

ಚಾನೆಲ್ ವಿಷಯ. ಒಂದು ಮಿಡಿ ಪೋರ್ಟಿನಲ್ಲಿ 16 ಚಾನೆಲ್. ಅರೇಂಜರ್ ಬಲಗೈ, ಎಡಗೈ, ಬೇಸ್, ತಾಳ ಎಂದು ಬೇರೆಬೇರೆ ಚಾನೆಲ್ ಬಳಸುತ್ತದೆ. ಸ್ಟೈಲ್‌ನ ಹಿಮ್ಮೇಳವನ್ನೂ ಮಿಡಿಯಲ್ಲಿ ಹೊರಗೆ ಕಳಿಸುವ ಆಯ್ಕೆ ಹಲವು ಮಾದರಿಗಳಲ್ಲಿ ಪ್ರತ್ಯೇಕವಾಗಿರುತ್ತದೆ, ಅದನ್ನು ಹುಡುಕಿ ಆನ್ ಮಾಡಿದರೆ ಇಡೀ ಹಿಮ್ಮೇಳ ಸ್ವರಸ್ವರವಾಗಿ ರೆಕಾರ್ಡ್ ಆಗುತ್ತದೆ, ಆಮೇಲೆ ಬೇಸ್ ಒಂದನ್ನೇ ಬದಲಿಸಬಹುದು. ರೆಕಾರ್ಡ್ ಆದ ಮೇಲೆ ರೀಪರ್‌ನಲ್ಲಿ ಆ ತುಣುಕನ್ನು ಚಾನೆಲ್‌ವಾರು ಒಡೆಯುವ ಆಜ್ಞೆಯೂ ಇದೆ. ಹಿಮ್ಮೇಳ ಬೇಡ, ಬಲಗೈ ಮಾತ್ರ ಸಾಕು ಎಂದಾದರೆ ಟ್ರ್ಯಾಕಿನ ಇನ್‌ಪುಟ್‌ನಲ್ಲಿ ಆ ಒಂದೇ ಚಾನೆಲ್ ಆರಿಸಿ.

ಹಾಡುಗಾರರ ಶ್ರುತಿಗೆ ತಕ್ಕಂತೆ ಟ್ರಾನ್ಸ್‌ಪೋಸ್ ಒತ್ತಿ ಅಭ್ಯಾಸವಾಗಿರುವ ವಾದಕರು ಇಲ್ಲೊಂದು ಎಚ್ಚರ ವಹಿಸಬೇಕು. ನೀವು ಸಿ ಮನೆಯಲ್ಲಿ ನುಡಿಸಿ ಟ್ರಾನ್ಸ್‌ಪೋಸ್ +3 ಇಟ್ಟರೆ ಹೊರಹೋಗುವ ಸ್ವರದ ಸಂಖ್ಯೆ 60 ಆಗಿರಬಹುದು, 63 ಆಗಿರಬಹುದು, ಕೀಬೋರ್ಡಿನ ಮೇಲೆ ಹೋಗುತ್ತದೆ. ಅದನ್ನೇ ವಾಪಸ್ ಕಳಿಸಿದಾಗ ಕೆಲವು ಕೀಬೋರ್ಡ್‌ಗಳು ಇನ್ನೊಮ್ಮೆ ಮೂರು ಮನೆ ಏರಿಸುತ್ತವೆ. ರೆಕಾರ್ಡಿಂಗ್‌ಗೆ ಕೂರುವಾಗ ಟ್ರಾನ್ಸ್‌ಪೋಸ್ ಸೊನ್ನೆಗೆ ತಂದು, ಶ್ರುತಿಯನ್ನು ಸಾಫ್ಟ್‌ವೇರಿನೊಳಗೆ ಬದಲಿಸುವುದೇ ಸುರಕ್ಷಿತ.

ಅರೇಂಜರ್‌ನ ಸದ್ದೇ ಬೇಕಾದರೆ ಕೆಂಪು ಗೆರೆ ಹಾಕುವ ಸಮಯ. ಹಿಂಭಾಗದ ಎಲ್ ಮತ್ತು ಆರ್ ಔಟ್‌ಗಳನ್ನು ಇಂಟರ್‌ಫೇಸ್‌ನ ಎರಡು ಇನ್‌ಪುಟ್‌ಗೆ ಕೊಡಿ. 'ಇನ್‌ಸ್ಟ್' ಗುಂಡಿ ಗಿಟಾರ್‌ಗೆ, ಕೀಬೋರ್ಡಿಗೆ ಅದು ಆಫ್ ಇರಬೇಕು. ಅತಿ ಜೋರಾದ ಜಾಗದಲ್ಲೂ ಮೀಟರ್ −12 ಡಿಬಿ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ಮೊದಲು ಮಿಡಿ ರೆಕಾರ್ಡ್ ಮಾಡಿ, ತಪ್ಪು ತಿದ್ದಿ, ಆಮೇಲೆ ಮಿಡಿ ಟ್ರ್ಯಾಕಿನ ಹಾರ್ಡ್‌ವೇರ್ ಔಟ್‌ಪುಟ್ ಆಗಿ ಅರೇಂಜರ್ ಆರಿಸಿ ನುಡಿಸುತ್ತ, ಬರುವ ಸದ್ದನ್ನು ಆಡಿಯೊ ಟ್ರ್ಯಾಕಿಗೆ ಇಳಿಸಿಕೊಳ್ಳಿ. ಔಟ್‌ಪುಟ್ ಪುಟದಲ್ಲಿ ಸಾಧನವನ್ನು ಮೊದಲೇ ಎನೇಬಲ್ ಮಾಡಿರಬೇಕು, ಇನ್‌ಪುಟ್ ಎನೇಬಲ್ ಮಾಡಿದ್ದಷ್ಟೇ ಸಾಲದು.

ಲ್ಯಾಪ್‌ಟಾಪ್ ಇಲ್ಲದೆಯೂ ಒಂದು ಉಪಯುಕ್ತ ಜೋಡಣೆ ಇದೆ: ಆಕ್ಟೋಪ್ಯಾಡಿನ ಮಿಡಿ ಔಟ್‌ನಿಂದ ಐದು ಪಿನ್ನಿನ ಇನ್ ಇರುವ ಕೀಬೋರ್ಡಿಗೆ ಒಂದು ಕೇಬಲ್. ಪ್ಯಾಡ್ ಬಾರಿಸಿದರೆ ಕೀಬೋರ್ಡಿನೊಳಗಿನ ತಾಳವಾದ್ಯ ನುಡಿಯುತ್ತದೆ. ಎರಡೂ ಕಡೆ ಚಾನೆಲ್ 10 ಇರಬೇಕು. ಮೂರನೆಯ ಸಾಧನ ಸೇರಿಸಲು ನಡುವಿನದರ 'ಥ್ರು' ಪೋರ್ಟ್ ಬಳಸಿ. ಔಟ್ ತನ್ನ ಸೂಚನೆ ಕಳಿಸುತ್ತದೆ, ಥ್ರು ತನಗೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಮೂರು ನಾಲ್ಕು ಸಾಧನಗಳ ಸರಪಳಿ ಮೀರಿದರೆ ಥ್ರು ಬಾಕ್ಸ್ ತಂದು ಒಂದರಿಂದ ಎಲ್ಲದಕ್ಕೂ ನೇರವಾಗಿ ಹಂಚುವುದು ಒಳ್ಳೆಯದು.

ಗಡಿಯಾರ ಒಬ್ಬರ ಕೈಯಲ್ಲಿರಲಿ

ಮಿಡಿ ಕ್ಲಾಕ್ ಎಂದರೆ ವಾದ್ಯಗಳ ವೇಗ ಒಂದೇ ಆಗಿರಲು ಕಳಿಸುವ ಸೂಚನೆ, ಪ್ರತಿ ಕ್ವಾರ್ಟರ್ ನೋಟ್‌ಗೆ (ಸಾಮಾನ್ಯವಾಗಿ ಒಂದು ಬೀಟ್‌ಗೆ) 24 ಮಿಡಿತ. 120 ಟೆಂಪೋದಲ್ಲಿ ಸೆಕೆಂಡಿಗೆ 48. ಇದನ್ನು ಕಳಿಸುವವರು ಒಬ್ಬರೇ ಇರಬೇಕು, ಉಳಿದವರೆಲ್ಲ ಅನುಸರಿಸಬೇಕು. ಮನೆ ಸ್ಟುಡಿಯೋದಲ್ಲಿ ಆ ಕೆಲಸ ಸಾಫ್ಟ್‌ವೇರಿಗೆ ಕೊಡಿ. ಎಲ್ಲ ಪೋರ್ಟಿಗೂ ಕ್ಲಾಕ್ ಕಳಿಸುವ ಅಗತ್ಯ ಇಲ್ಲ. ಬೇಡದಿದ್ದರೂ ಅರೇಂಜರ್‌ಗೆ ಹೋಗಿ, ಅದು ಹೊರಗಿನ ಕ್ಲಾಕ್‌ಗೆ ಕಾಯುವ ಸ್ಥಿತಿಯಲ್ಲಿದ್ದರೆ, ನೀವು ಪ್ಲೇ ಒತ್ತಿದ ತಕ್ಷಣ ಅದರ ಸ್ಟೈಲ್ ತಾನಾಗಿ ಓಡತೊಡಗುತ್ತದೆ. ಆರ್ಪೆಜಿಯೇಟರ್ (ಹಿಡಿದ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವಂಥದ್ದು) ಅಥವಾ ಡ್ರಮ್ ಮಶೀನ್ ಇರುವ ಪೋರ್ಟಿಗೆ ಮಾತ್ರ ಕಳಿಸಿ.

ಗಮಕಕ್ಕೆ ಬೆಂಡ್ ಅಳತೆ

ನಮ್ಮ ಸಂಗೀತ ನುಡಿಸುವವರಿಗೆ ಪಿಚ್ ಬೆಂಡ್, ಅಂದರೆ ಸ್ವರವನ್ನು ಜಾರಿಸಲು ಕೀಬೋರ್ಡಿನಲ್ಲಿರುವ ಚಕ್ರ, ಅಲಂಕಾರವಲ್ಲ, ಅದಿಲ್ಲದೆ ರಾಗವೇ ಇಲ್ಲ. ಒಳ್ಳೆಯ ಸುದ್ದಿ ಎಂದರೆ ಮಿಡಿಯಲ್ಲಿ ಉಳಿದ ಹೆಚ್ಚಿನ ನಿಯಂತ್ರಣಗಳಿಗೆ 0ಯಿಂದ 127ರ ವರೆಗೆ 128 ಮೆಟ್ಟಿಲುಗಳಷ್ಟೇ ಇದ್ದರೆ, ಪಿಚ್ ಬೆಂಡ್‌ಗೆ 16,384 ಮೆಟ್ಟಿಲುಗಳಿವೆ, ನಡುವಿನ ಬಿಂದು 8192. ಜಾರು ನಯವಾಗಿಯೇ ಕೇಳುತ್ತದೆ.

ಆದರೆ ಆ ಚಕ್ರವನ್ನು ಪೂರ್ತಿ ತಿರುಗಿಸಿದರೆ ಎಷ್ಟು ಸ್ವರ ಏರಬೇಕು ಎನ್ನುವುದು ಕಂಟ್ರೋಲರ್‌ನಲ್ಲಿ ಇರುವುದಿಲ್ಲ, ಸದ್ದು ಹುಟ್ಟಿಸುವ ಪ್ಲಗಿನ್‌ನಲ್ಲಿ ಇರುತ್ತದೆ. ಸಾಮಾನ್ಯವಾಗಿ ಎರಡು ಅರ್ಧಸ್ವರ. ಷಡ್ಜದಿಂದ ಚತುಶ್ರುತಿ ರಿಷಭದ ವರೆಗೆ ಅಷ್ಟು ಸಾಕು. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಏಳು ಬೇಕು. 12ಕ್ಕೆ ಏರಿಸಿಬಿಡಬೇಕೆಂದು ಅನಿಸುತ್ತದೆ, ಆದರೆ ಆಗ ಚಕ್ರ ಕೂದಲೆಳೆಯಷ್ಟು ಅಲುಗಿದರೂ ಶ್ರುತಿ ಕದಲುತ್ತದೆ, ಸಣ್ಣ ಕಂಪಿತ ಕೈಗೆ ಸಿಗುವುದಿಲ್ಲ. ನನ್ನ ಸಲಹೆ: ಎರಡು ಟ್ರ್ಯಾಕ್ ಮಾಡಿ, ಒಂದೇ ವೀಣೆ ಅಥವಾ ಕೊಳಲಿನ ಧ್ವನಿ ಎರಡರಲ್ಲೂ ಇರಲಿ. ಒಂದರಲ್ಲಿ ಬೆಂಡ್ ಎರಡು, ಇನ್ನೊಂದರಲ್ಲಿ ಏಳು. ಕಂಪಿತದ ಜಾಗ ಮೊದಲನೆಯದರಲ್ಲಿ, ಉದ್ದ ಜಾರು ಎರಡನೆಯದರಲ್ಲಿ ನುಡಿಸಿ. ಕೊಳಲು, ಶಹನಾಯಿ, ಪಿಟೀಲಿಗೆ ಉಸಿರು ಮತ್ತು ಕಮಾನಿನ ಏರಿಳಿತ ತರಲು 11ನೇ ಕಂಟ್ರೋಲ್ ಆದ ಎಕ್ಸ್‌ಪ್ರೆಶನ್ ಅನ್ನು ಒಂದು ಸ್ಲೈಡರ್‌ಗೆ ಕೊಟ್ಟು ಎಡಗೈಯಲ್ಲಿ ಆಡಿಸಿ. ವಾಲ್ಯೂಮ್ ಎಂಬ 7ನೇ ಕಂಟ್ರೋಲನ್ನು ಮಿಕ್ಸಿಂಗ್‌ಗೆ ಬಿಡಿ.

ಗುಂಯ್‌ಗುಡುವ ಸದ್ದು ಮತ್ತು ಕರೆಂಟ್

ಅರೇಂಜರ್‌ಗೆ ಯುಎಸ್‌ಬಿಯನ್ನೂ ಆಡಿಯೊ ಕೇಬಲನ್ನೂ ಒಟ್ಟಿಗೆ ಹಾಕಿದಾಗ ಗುಂಯ್ ಎನ್ನುವ ಅಥವಾ ಕೀರಲು ಸದ್ದು ಶುರುವಾದರೆ ಅದು ಗ್ರೌಂಡ್ ಲೂಪ್, ಅಂದರೆ ಸಾಧನಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಸುತ್ತಾಗಿದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಎಲ್ಲ ಸಾಧನಗಳನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ ಬರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆ ಸಾಕೆಟ್ಟಿನ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಆಗಲೂ ಹೋಗದಿದ್ದರೆ ಯುಎಸ್‌ಬಿ ಬಿಟ್ಟು ಐದು ಪಿನ್ನಿಗೆ ಬನ್ನಿ, ಇಲ್ಲವೇ ಕೀಬೋರ್ಡ್ ಮತ್ತು ಇಂಟರ್‌ಫೇಸ್ ನಡುವೆ ಡಿಐ ಬಾಕ್ಸ್ (ಎರಡರ ಗ್ರೌಂಡ್ ಬೇರ್ಪಡಿಸಬಲ್ಲ ಪುಟ್ಟ ಪೆಟ್ಟಿಗೆ) ಹಾಕಿ. ಪ್ಲಗ್ಗಿನ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಯಾರು ಹೇಳಿದರೂ ಕೇಳಬೇಡಿ. ಆ ಪಿನ್ ಇರುವುದು ನಿಮ್ಮ ಜೀವ ಕಾಯುವುದಕ್ಕೆ.

ಯುಎಸ್‌ಬಿ 2.0 ಕಿಂಡಿ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪ್. ಇಂಟರ್‌ಫೇಸ್, ಕಂಟ್ರೋಲರ್, ಮಿಡಿ ಕೇಬಲ್ ಎಲ್ಲವನ್ನೂ ಅಡಾಪ್ಟರ್ ಇಲ್ಲದ ಒಂದೇ ಹಬ್‌ಗೆ ಸಿಕ್ಕಿಸಿದರೆ ನಡುನಡುವೆ ಸಂಪರ್ಕ ತಪ್ಪುತ್ತದೆ. ಇಂಟರ್‌ಫೇಸ್ ನೇರವಾಗಿ ಲ್ಯಾಪ್‌ಟಾಪಿಗೆ, ಉಳಿದದ್ದು ಸ್ವಂತ ಅಡಾಪ್ಟರ್ ಇರುವ ಹಬ್‌ಗೆ. ಹೊಸ ಕಂಟ್ರೋಲರ್‌ಗೆ ದುಡ್ಡು ಕೂಡಿಸುತ್ತಿರುವವರು ಮೊದಲು ಇಂಥದೊಂದು ಹಬ್ ತರಲಿ.

ಸದ್ದು ಬಾರದಿದ್ದಾಗ ನೋಡುವ ಕ್ರಮ

ಟ್ರ್ಯಾಕಿನ ಮೀಟರ್ ಕುಣಿಯುತ್ತಿಲ್ಲವೇ? ಕೇಬಲ್ ಬದಲಿಸಿ. ಫೋನ್ ಚಾರ್ಜ್ ಮಾಡುವ ಕೆಲವು ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ, ದೀಪ ಉರಿಯುತ್ತದೆ, ಸೂಚನೆ ಹೋಗುವುದಿಲ್ಲ. ಆಮೇಲೆ ಸಾಧನ ಲ್ಯಾಪ್‌ಟಾಪಿಗೆ ಕಾಣುತ್ತಿದೆಯೇ ನೋಡಿ. ಮ್ಯಾಕ್‌ನ ಆಡಿಯೊ ಮಿಡಿ ಸೆಟಪ್‌ನಲ್ಲಿ ಮಿಡಿ ಸ್ಟುಡಿಯೋ ಕಿಟಕಿ ತೆರೆದರೆ ಜೋಡಿಸಿದ್ದೆಲ್ಲ ಚಿತ್ರವಾಗಿ ಕಾಣುತ್ತದೆ. ವಿಂಡೋಸ್‌ನಲ್ಲಿ ಬೇರೆ ಯಾವುದಾದರೂ ತಂತ್ರಾಂಶ, ಬ್ರೌಸರ್ ಕೂಡ, ಅದೇ ಪೋರ್ಟನ್ನು ಹಿಡಿದು ಕೂತಿರಬಹುದು, ಮುಚ್ಚಿ ಮತ್ತೆ ನೋಡಿ. ಕೊನೆಗೆ ಟ್ರ್ಯಾಕಿನ ಇನ್‌ಪುಟ್ ಮತ್ತು ಚಾನೆಲ್.

ಮೀಟರ್ ಕುಣಿದೂ ಮೌನವಾದರೆ ಪ್ಲಗಿನ್ ಯಾವ ಚಾನೆಲ್ ಕೇಳುತ್ತಿದೆ, ಮಾನಿಟರಿಂಗ್ ಆನ್ ಇದೆಯೇ, ಆ ಸಪ್ತಕದಲ್ಲಿ ಆ ವಾದ್ಯಕ್ಕೆ ಸ್ವರ ಇದೆಯೇ, ಈ ಕ್ರಮದಲ್ಲಿ ಹೋಗಿ. ಒಂದು ಸ್ವರ ನಿಲ್ಲದೆ ಕೊರೆಯುತ್ತಿದ್ದರೆ ಬಿಟ್ಟ ಸೂಚನೆ ದಾರಿಯಲ್ಲಿ ಕಳೆದಿದೆ. ಸಾಫ್ಟ್‌ವೇರಿನ ಪ್ಯಾನಿಕ್ ಅಥವಾ 'ಆಲ್ ನೋಟ್ಸ್ ಆಫ್' ಆಜ್ಞೆ ಕೊಡಿ.

ಉಳಿಸಿಡುವುದು

ಎಲ್ಲ ಸರಿಯಾದ ದಿನವೇ ಆ ಖಾಲಿ ಪ್ರಾಜೆಕ್ಟನ್ನು ಟೆಂಪ್ಲೇಟ್ ಆಗಿ ಉಳಿಸಿ. ಪ್ರತಿ ಕೇಬಲಿನ ಎರಡೂ ತುದಿಗೆ ಹೆಸರು ಅಂಟಿಸಿ, ಇಂಟರ್‌ಫೇಸ್‌ನ ಹಿಂಭಾಗದ ಫೋಟೊ ತೆಗೆದು ಅದೇ ಫೋಲ್ಡರ್‌ನಲ್ಲಿ ಹಾಕಿ. ಹಾಡು ಮುಗಿದಾಗ ಮಿಡಿ ಟ್ರ್ಯಾಕ್‌ಗಳ ಜತೆಗೆ ಪ್ರತಿಯೊಂದರ ಆಡಿಯೊ ಇಳಿಸಿದ ಫೈಲನ್ನೂ ಇಡಿ. ನಾಳೆ ಆ ಕೀಬೋರ್ಡ್ ಮಾರಿರಬಹುದು, ಪ್ಲಗಿನ್ ಹೊಸ ವಿಂಡೋಸ್‌ನಲ್ಲಿ ತೆರೆಯದಿರಬಹುದು. ಮಿಡಿ ಫೈಲಿನಲ್ಲಿರುವುದು ಸೂಚನೆ ಮಾತ್ರ, ಅದನ್ನು ನುಡಿಸಿದ ಧ್ವನಿ ಆಡಿಯೊ ಫೈಲಿನಲ್ಲಷ್ಟೇ ಉಳಿಯುತ್ತದೆ.